ತೆರೆಯ ಬೆಳಕೂ ಕಣ್ಣಿನ ವರ್ಣಗ್ರಹಣವೂ

ಹಸ್ತಪ್ರತಿಗಳ ಛಾಯಾಚಿತ್ರಗಳನ್ನು ಗಣಕದ ತೆರೆಯ ಮೇಲೆ ಓದುವ ರೂಢಿಯು ವಿದ್ವಾಂಸರಲ್ಲಿ ನೆಲೆಗೊಂಡಿರುವುದಷ್ಟೆ. ಅಕ್ಷರಗಳನ್ನು ಓದುವುದಕ್ಕೆ ಇದರಿಂದಾಗಿರುವ ಉಪಕಾರವು ಅಲ್ಪವಲ್ಲ. ಆದರೆ ತೆರೆಯಲ್ಲಿ ಕಂಡ ಮಸಿಯ ಬಣ್ಣವನ್ನೇ ನೆಚ್ಚಿ, ಮೂಲಪಾಠದ ಮಸಿಯೂ ತಿದ್ದುಪಡಿಯ ಮಸಿಯೂ ಒಂದೆಯೋ ಬೇರೆಯೋ ಎಂದು ನಿರ್ಣಯಿಸಹೊರಡುವವರು, ತೆರೆಯು ಬಣ್ಣವನ್ನು ತೋರಿಸುವ ಬಗೆಯನ್ನು ಮೊದಲು ವಿಚಾರಿಸತಕ್ಕದ್ದು.

ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ರೂಪವನ್ನು ಶುಕ್ಲ, ನೀಲ, ಪೀತ, ರಕ್ತ, ಹರಿತ, ಕಪಿಶ, ಚಿತ್ರವೆಂದು ಏಳು ಬಗೆಯಾಗಿ ಎಣಿಸಿರುವನು. ಅಲ್ಲಿ ರೂಪವು ದ್ರವ್ಯದಲ್ಲಿರುವ ಗುಣ. ಕಣ್ಣು ಅದನ್ನು ಗ್ರಹಿಸುವ ಇಂದ್ರಿಯ. ತೆರೆಯ ಪೀತವಾದರೋ ಈ ವಿಭಾಗಕ್ಕೆ ಸುಲಭವಾಗಿ ಒಳಪಡುವುದಿಲ್ಲ. ಹಳದಿಯಾಗಿ ತೋರುವ ಭಾಗವನ್ನು ಭೂತಗನ್ನಡಿಯಿಂದ ನೋಡಿದರೆ ಸಾಮಾನ್ಯ ತೆರೆಗಳಲ್ಲಿ ಹಳದಿಯ ಕಣವೊಂದೂ ಇರದು. ಕೆಂಪು ಹಸುರು ಕಣಗಳು ಪಕ್ಕಪಕ್ಕದಲ್ಲಿ ಹೊಳೆಯುತ್ತಿರುವುವು. ಇದು ಚಿತ್ರರೂಪವೂ ಅಲ್ಲ. ಬಣ್ಣಬಣ್ಣದ ಬಟ್ಟೆಯಲ್ಲಿ ನೂಲುನೂಲಿನ ವರ್ಣವೂ ಕಾಣುವುದು. ಇಲ್ಲಿ ಅವಯವಗಳ ವರ್ಣ ಮರೆಯಾಗಿ ಮೂರನೆಯದೊಂದು ತೋರುವುದು.

ಇದಕ್ಕೆ ಕಾರಣವು ಕಣ್ಣಿನ ರಚನೆಯಲ್ಲಿದೆ. ವರ್ಣವನ್ನು ಗ್ರಹಿಸುವ ಶಂಕುಕೋಶಗಳು ಅಕ್ಷಿಪಟದಲ್ಲಿ ಮೂರು ಬಗೆಯಾಗಿವೆ. ಅವು ಕ್ರಮವಾಗಿ ಸುಮಾರು ೪೨೦, ೫೩೦, ೫೬೦ ನ್ಯಾನೊಮೀಟರ್ ಅಲೆಯುದ್ದದ ಬೆಳಕಿಗೆ ಹೆಚ್ಚಾಗಿ ಸ್ಪಂದಿಸುವುವು. ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್. ಶುದ್ಧವಾದ ೫೮೦ ನ್ಯಾನೊಮೀಟರಿನ ಹಳದಿ ಬೆಳಕು ಕಡೆಯ ಎರಡು ಬಗೆಯ ಕೋಶಗಳನ್ನು ಯಾವ ಪ್ರಮಾಣದಲ್ಲಿ ಕೆರಳಿಸುವುದೋ, ತಕ್ಕಷ್ಟು ಕೆಂಪು ಹಸುರುಗಳ ಮಿಶ್ರಣವೂ ಅದೇ ಪ್ರಮಾಣದಲ್ಲಿ ಕೆರಳಿಸಬಲ್ಲುದು. ಆಗ ಕಣ್ಣಿಗೆ ಭೇದವು ತಿಳಿಯದು. ಎರಡು ಸ್ವರಗಳು ಕೂಡಿ ನುಡಿದರೆ ಕಿವಿ ಎರಡನ್ನೂ ಕೇಳುವುದು. ಕಣ್ಣಿಗೆ ಆ ಶಕ್ತಿಯಿಲ್ಲ. ಮೂರು ಬಗೆಯ ಗ್ರಾಹಕಗಳಿರಬೇಕೆಂದು ೧೮೦೨ರಲ್ಲಿ ತಾಮಸ್ ಯಂಗ್ ಊಹಿಸಿದನು. ೧೮೬೧ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಕೆಂಪು, ಹಸುರು, ನೀಲಿ ಬೆಳಕುಗಳಿಂದ ಬಿಂಬಿಸಿದ ಮೂರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ರಿಬ್ಬನ್ನೊಂದರ ಬಣ್ಣದ ಚಿತ್ರವನ್ನು ತೋರಿಸಿದನು. ಇಂದಿನ ತೆರೆಗೂ ಇದೇ ತತ್ತ್ವವು ಆಧಾರ. ಮೂರು ವರ್ಣಗಳಿಗೂ ೨೫೬ ಮೆಟ್ಟಿಲುಗಳಿದ್ದರೆ ೧,೬೭,೭೭,೨೧೬ ಸಂಯೋಗಗಳಾಗುವುವು.

ಇನ್ನು ಹಳೆಯ ಓಲೆಗೆ ಸಹಜವಾದ ಕಪಿಶವರ್ಣ. ಇದಕ್ಕೆ ಪ್ರತ್ಯೇಕವಾದ ಬೆಳಕೇ ಇಲ್ಲ. ಕಿತ್ತಳೆಯ ಬೆಳಕು ಸುತ್ತಲಿನದಕ್ಕಿಂತ ಮಂದವಾಗಿದ್ದಾಗ ಕಪಿಶವೆನಿಸುವುದು. ಸುತ್ತಣ ಬಿಳುಪನ್ನು ತೆಗೆದು ಕತ್ತಲೆಯಲ್ಲಿ ನೋಡಿದರೆ ಅದೇ ಭಾಗವು ಕಿತ್ತಳೆಯ ಕಡೆಗೆ ತಿರುಗುವುದು. ಆದುದರಿಂದ ಓಲೆಯು ತೆರೆಯಲ್ಲಿ ಕೆಂಪೇರಿದಂತೆ ಕಂಡ ಮಾತ್ರಕ್ಕೆ ಅದರ ವಯಸ್ಸನ್ನು ಹೇಳಲಾಗದು.

ಮಸಿಯ ವಿಷಯದಲ್ಲಿ ಎಚ್ಚರವು ಇನ್ನೂ ಹೆಚ್ಚಾಗಿರಬೇಕು. ಕಾಡಿಗೆಯ ಮಸಿಯೂ, ಮಾಚಿಕಾಯಿಯ ಕಷಾಯಕ್ಕೆ ಕಬ್ಬಿಣದ ಲವಣವನ್ನು ಕೂಡಿಸಿ ಮಾಡಿದ ಮಸಿಯೂ ಕಾಗದದ ಮೇಲೆ ಒಂದೇ ಕಪ್ಪಾಗಿ ತೋರಬಹುದು. ಸಾಮಾನ್ಯ ಛಾಯಾಚಿತ್ರವು ಪ್ರತಿಯೊಂದು ಬಿಂದುವಿಗೂ ಮೂರೇ ಸಂಖ್ಯೆಗಳನ್ನು ಉಳಿಸುವುದರಿಂದ ಈ ಭೇದವು ಅದರಲ್ಲಿ ಅಳಿದುಹೋಗುವುದು. ಕೆಂಪಿನ ಆಚೆಗಿರುವ, ಕಣ್ಣಿಗೆ ಕಾಣದ ಅತಿರಕ್ತ ಕಿರಣಗಳಲ್ಲಿ ಚಿತ್ರವನ್ನು ತೆಗೆದರೆ, ೧೦೦೦ ನ್ಯಾನೊಮೀಟರಿನ ಆಚೆಗೆ ಕಾಡಿಗೆಯು ಕಪ್ಪಾಗಿಯೇ ನಿಲ್ಲುವುದು. ಕಬ್ಬಿಣದ ಮಸಿಯು ಬಹುಮಟ್ಟಿಗೆ ಮಾಯವಾಗುವುದು.

ತೆರೆಯು ವಸ್ತುವಿನ ಬೆಳಕನ್ನು ತಂದು ಕೊಡುವುದಿಲ್ಲ. ಕಣ್ಣಿಗೆ ಸಮನಾಗಿ ತೋರುವ ಬೇರೊಂದು ಬೆಳಕನ್ನು ಕೊಡುವುದು. ಪಾಠವನ್ನು ಓದುವುದಕ್ಕೆ ಆ ಸಾಮ್ಯವೇ ಸಾಕು. ದ್ರವ್ಯವನ್ನು ನಿರ್ಣಯಿಸುವುದಕ್ಕೆ ಮೂಲಪ್ರತಿಯ ಪರೀಕ್ಷೆಯೇ ಪ್ರಮಾಣವು.