ಪಲ್ಸರಿಗೆ ಜಾವಾ ವೇಷ

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ವಾರ, ಬಿಬವೇವಾಡಿಯ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಹಳೆಯ ಪಲ್ಸರ್ 220 ಬೈಕೊಂದು ಬಂದು ನಿಂತಿತು. ಮಗ ಸೆಕೆಂಡ್ ಹ್ಯಾಂಡ್ ಕೊಂಡು ತಂದಿದ್ದ. 2012ರ ಗಾಡಿ. ಮುಂದೆ ಹಕ್ಕಿಯ ಕೊಕ್ಕಿನಂಥ ಅರ್ಧ ಫೇರಿಂಗ್, ಅದರೊಳಗೆ ಒಂದರ ಮೇಲೊಂದು ಎರಡು ದೀಪ, ಹಿಂದೆ ಎರಡು ತುಂಡಿನ ಸೀಟು. ಫೇರಿಂಗಿನ ಒಂದು ಪಕ್ಕ ಸೀಳಿಹೋಗಿತ್ತು.

"ಹೊಸ ಫೇರಿಂಗ್ ಹಾಕಿಸ್ತೀಯೇನೋ?" ಎಂದೆ.

"ಇಲ್ಲಪ್ಪ, ಇದನ್ನೆಲ್ಲ ಬಿಚ್ಚಿ ನಿಮ್ಮ ಕಾಲದ ಗಾಡಿ ಥರ ಮಾಡ್ತೀನಿ" ಎಂದ.

ನನ್ನ ಕಾಲದ ಗಾಡಿ ಎಂದರೆ ಜಾವಾ. ನಾನು ಬೆಳೆದದ್ದು ಮೈಸೂರಿನ ಯಾದವಗಿರಿಯಲ್ಲಿ. ಐಡಿಯಲ್ ಜಾವಾ ಕಾರ್ಖಾನೆ ಇದ್ದುದೂ ಅಲ್ಲಿಯೇ. ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಇರಾನಿ ಕುಟುಂಬದವರು ನಡೆಸಿದ ಕಾರ್ಖಾನೆ ಅದು. 1961ರಲ್ಲಿ ತಯಾರಿಕೆ ಆರಂಭವಾಯಿತು. 1973ರಿಂದ ಗಾಡಿಗೆ 'ಯೆಜ್ಡಿ' ಎಂಬ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ದುಂಡು ಟ್ಯಾಂಕು, ದುಂಡು ದೀಪ, ಎರಡು ಪಕ್ಕಕ್ಕೂ ಒಂದೊಂದು ಸೈಲೆನ್ಸರ್, ಗೇರಿನ ಸನ್ನೆಯನ್ನೇ ಮೇಲೆತ್ತಿದರೆ ಕಿಕ್ಕರ್! ಆ ಸದ್ದು ಕೇಳಿದ ಮೈಸೂರಿನವರು ಇಂದಿಗೂ ತಿರುಗಿ ನೋಡುತ್ತಾರೆ.

ಹಾಗಾದರೆ ಹಳೆಯ ಜಾವಾವನ್ನೇ ಕೊಳ್ಳಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಸುಸ್ಥಿತಿಯ ಜಾವಾ ಈಗ ಸಂಗ್ರಾಹಕರ ಆಸ್ತಿ, ಬಿಡಿಭಾಗಕ್ಕೂ ಅಲೆಯಬೇಕು. 2018ರಲ್ಲಿ ಮಹೀಂದ್ರಾ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಿನ ಹೊಸ ಗಾಡಿಗಳನ್ನು ಬಿಡುಗಡೆ ಮಾಡಿತು. ಅವು ಮಗನ ಜೇಬಿಗೆ ಭಾರ. ಪಲ್ಸರ್ ಹಾಗಲ್ಲ. ಬಜಾಜಿನ ಊರಾದ ಪುಣೆಯಲ್ಲಿ ಅದನ್ನು ಬಿಚ್ಚಿ ಜೋಡಿಸಬಲ್ಲ ಮೆಕ್ಯಾನಿಕ್ ಪ್ರತಿ ಗಲ್ಲಿಯಲ್ಲೂ ಸಿಗುತ್ತಾನೆ. ಮೇಲಾಗಿ ಆ ಗಾಡಿಗೆ ಹಿಂದೆ ಎರಡು ಶಾಕ್ ಅಬ್ಸಾರ್ಬರ್ ಇವೆ. ಹಳೆಯ ಕಾಲದ ರೂಪಕ್ಕೆ ಅದು ಅನುಕೂಲ.

ನಾನು ಒಂದೇ ಷರತ್ತು ಹಾಕಿದೆ: ಚಾಸಿಗೆ ಗರಗಸ ತಾಗಿಸಕೂಡದು, ಬಿಚ್ಚಿದ್ದೆಲ್ಲ ಮತ್ತೆ ಬೋಲ್ಟು ಹಾಕಿ ಕೂಡಿಸುವಂತಿರಬೇಕು. ಕಾರಣವಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಅಕ್ರಮ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ನವೀಕರಣಕ್ಕೆ ತಪಾಸಣೆಗೆ ಒಯ್ದಾಗ ಪುಸ್ತಕವೊಂದು, ಗಾಡಿಯೊಂದು ಆದರೆ ಗತಿಯೇನು? ಆದ್ದರಿಂದ ಇಂಥ ಕೆಲಸಕ್ಕೆ ಕೈಹಾಕುವವರು ಮೊದಲು ಸಂಗಮ್ ಸೇತುವೆಯ ಬಳಿಯ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಭಾನುವಾರಗಳು ಪಾರ್ಕಿಂಗಿನಲ್ಲಿ ಕಳೆಯತೊಡಗಿದವು. ಫೇರಿಂಗ್ ಬಿಚ್ಚಿದಾಗ ಹಿಂದೆ ವೈರುಗಳ ಕಾಡೇ ಇತ್ತು. ಬಿಚ್ಚುವ ಮೊದಲೇ ಒಂದೊಂದಕ್ಕೂ ಕಾಗದದ ಚೀಟಿ ಅಂಟಿಸಿ, ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟೆವು; ಅದರಿಂದ ಮುಂದೆ ಬಹಳ ಉಪಕಾರವಾಯಿತು. ದುಂಡು ದೀಪ, ಅದನ್ನು ಹಿಡಿಯುವ ಬ್ರಾಕೆಟ್ಟು, ನೇರ ಹ್ಯಾಂಡಲ್ ಪೈಪು ನಾನಾ ಪೇಠೆಯ ಅಂಗಡಿಗಳಲ್ಲಿ ಸಿಕ್ಕವು. ಹಳೆಯ ಮೀಟರನ್ನೇ ಸಣ್ಣ ತಗಡಿನ ಪಟ್ಟಿಯ ಮೇಲೆ ಕೂರಿಸಿದೆವು. ಎರಡು ತುಂಡಿನ ಸೀಟಿನ ಬದಲು ಉದ್ದನೆಯ ಒಂದೇ ಸೀಟನ್ನು ಹೊಲಿಸಿದೆವು. ಅದು ಹಳೆಯ ಕೊಂಡಿಗಳಿಗೇ ಕೂರುವಂತೆ ಮೂರು ಸಲ ಅಳತೆ ಕೊಡಬೇಕಾಯಿತು.

ಬಣ್ಣದ ಬಗ್ಗೆ ತಂದೆ ಮಗನಿಗೆ ಜಗಳವೇ ಆಯಿತು. ಅವನಿಗೆ ಜಾವಾದ ಕೆಂಗಂದು ಬಣ್ಣ ಬೇಕು. ಪುಸ್ತಕದಲ್ಲಿರುವುದು ಕಪ್ಪು, ಬಣ್ಣ ಬದಲಾದರೆ ಅದನ್ನು ಪುಸ್ತಕದಲ್ಲಿ ಬರೆಸಬೇಕು. ಕೊನೆಗೆ ಕಪ್ಪೇ ಗೆದ್ದಿತು. ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ, ಎಮರಿ ಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿ, ಪ್ರೈಮರ್ ಹಾಕಿ, ತೆಳುವಾಗಿ ಮೂರು ಪದರ ಕಪ್ಪು ಬಣ್ಣ ಬಳಿದೆವು. ಒಂದು ಪದರ ಒಣಗುವ ಮುನ್ನ ಇನ್ನೊಂದು ಹಾಕುವ ಆತುರ ಮಾಡಿದ್ದರಿಂದ ಮೊದಲ ಸಲ ಬಣ್ಣ ಸುಕ್ಕುಗಟ್ಟಿತು; ಎಲ್ಲವನ್ನೂ ಕೆರೆದು ಮತ್ತೆ ಮೊದಲಿನಿಂದ.

ಎಂಜಿನ್ ಶುರುಮಾಡಿದ ದಿನ ನಮ್ಮ ಎದೆ ಝಲ್ಲೆಂದಿತು. ಗಾಡಿ ನಿಂತಲ್ಲೇ ಇತ್ತು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದ ಕೂಡಲೇ, ಯಾರೂ ಎಕ್ಸಲರೇಟರ್ ತಿರುವದೆಯೇ ಎಂಜಿನ್ ಭೋರ್ಗರೆಯಿತು. ಹೊಸ ಹ್ಯಾಂಡಲ್ ಹಳೆಯದಕ್ಕಿಂತ ಎತ್ತರ. ಕೇಬಲ್ ಮಾತ್ರ ಹಳೆಯದೇ. ತಿರುಗಿಸಿದಾಗ ಅದು ಬಿಗಿದು ತಾನೇ ಎಳೆಯುತ್ತಿತ್ತು. ಗಂಗಾಧಾಮ್ ಚೌಕದ ತಿರುವಿನಲ್ಲಿ, ಬಸ್ಸು ಟೆಂಪೋಗಳ ನಡುವೆ ಹೀಗಾಗಿದ್ದರೆ? ಉದ್ದನೆಯ ಕೇಬಲ್ ತಂದು, ಮುಂದಿನ ಬ್ರೇಕಿನ ಹೋಸನ್ನೂ ಮೆಕ್ಯಾನಿಕನಿಗೆ ತೋರಿಸಿ ಬದಲಿಸಿದ ಮೇಲೆಯೇ ಗಾಡಿಯನ್ನು ಗೇಟಿನಾಚೆ ಬಿಟ್ಟದ್ದು. ಹ್ಯಾಂಡಲ್ ಬದಲಾಯಿಸುವವರೆಲ್ಲ ಈ ಒಂದು ಪರೀಕ್ಷೆಯನ್ನು ತಪ್ಪದೆ ಮಾಡಬೇಕು.

ಸಿದ್ಧವಾದ ಗಾಡಿಯನ್ನು ನೋಡಲು ಇಡೀ ಸೊಸೈಟಿ ಸೇರಿತು. ಪಕ್ಕದ ಮನೆಯ ಮರಾಠಿ ಕಾಕಾ "ಝಕಾಸ್!" ಎಂದರು. ನನ್ನ ಹೆಂಡತಿ ಮಾತ್ರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಎಡಗಡೆ ನಿಂತಳು.

"ಸೀರೆ ಗಾರ್ಡ್ ಎಲ್ಲೋ?"

"ಅದಿದ್ರೆ ಚೆನ್ನಾಗಿ ಕಾಣಲ್ಲಮ್ಮ."

"ಮತ್ತೆ ನಾನೆಲ್ಲಿ ಕೂರ್ಲಿ? ಹಿಡ್ಕೊಳ್ಳೋಕೆ ಹಿಡಿನೂ ಇಲ್ಲ. ನೀನೊಬ್ಬನೇ ಓಡಾಡೋಕೆ ಮಾಡ್ಕೊಂಡಿದೀಯ ಅಷ್ಟೆ."

ಮಗ ತಲೆ ತಗ್ಗಿಸಿದ. ನಾನೂ ತಗ್ಗಿಸಬೇಕಾಯಿತು, ಕಾನೂನು ಬೋಧಿಸಿದ ನನಗೇ ಇದು ಹೊಳೆದಿರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಇದನ್ನೇ ಹೇಳುತ್ತದೆ: ಹಿಂದೆ ಕೂರುವವರಿಗೆ ಹಿಡಿ ಬೇಕು, ಕಾಲಿಡಲು ಆಸರೆ ಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮರೆ ಬೇಕು. ಸೀರೆಯ ಸೆರಗೋ ದುಪಟ್ಟವೋ ಚಕ್ರಕ್ಕೆ ಸುತ್ತಿಕೊಂಡರೆ ಹಿಂದೆ ಕೂತವರು ಕ್ಷಣದಲ್ಲಿ ನೆಲಕ್ಕೆ ಬೀಳುತ್ತಾರೆ. ನಾವು ಅನುಕರಿಸಲು ಹೊರಟ ಜಾವಾ ಯಾರ ಗಾಡಿಯಾಗಿತ್ತು? ಟ್ಯಾಂಕಿನ ಮೇಲೆ ಮಗು, ಹಿಂದೆ ಹೆಂಡತಿ, ಆಕೆಯ ಮಡಿಲಲ್ಲಿ ಇನ್ನೊಂದು ಮಗು. ಹಾಗೆ ಹೋಗುವುದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಅದು ಮನೆಮಂದಿಯ ಗಾಡಿಯಾಗಿತ್ತು. ನಾವು ದೀಪ, ಸೀಟುಗಳನ್ನು ನೆನಪಿಟ್ಟೆವು, ಹಿಂದೆ ಕೂತವರನ್ನು ಮರೆತೆವು.

ಮುಂದಿನ ಭಾನುವಾರ ಮೂಲದ ಗಾರ್ಡನ್ನೂ ಹಿಡಿಯನ್ನೂ ಅಟ್ಟದಿಂದ ಇಳಿಸಿ, ಕಪ್ಪು ಬಳಿದು, ಅದರದೇ ಬೋಲ್ಟುಗಳಲ್ಲಿ ಕೂರಿಸಿದೆವು. ನೋಟ ಸ್ವಲ್ಪ ಕೆಟ್ಟಿತೆಂದು ಮಗನ ಅಭಿಪ್ರಾಯ. ನನಗೆ ಹಾಗನ್ನಿಸಲಿಲ್ಲ. ಫೇರಿಂಗ್, ಹಳೆಯ ಸೀಟು, ಹ್ಯಾಂಡಲ್ ಈಗಲೂ ಅಟ್ಟದಲ್ಲಿವೆ. ಕೇಳುವವರು ಬಂದರೆ ಒಂದು ದಿನದಲ್ಲಿ ಮತ್ತೆ ಜೋಡಿಸಬಹುದು.

ಖರ್ಚು ಒಟ್ಟು ಹದಿನೆಂಟು ಸಾವಿರ ರೂಪಾಯಿ, ಹನ್ನೊಂದು ಭಾನುವಾರ. ಕಾಲೇಜು ಮುಗಿದ ಮೇಲೆ ನನ್ನೊಂದಿಗೆ ಹತ್ತು ಮಾತು ಆಡದಿದ್ದ ಮಗ ಈ ಅವಧಿಯಲ್ಲಿ ಆಡಿದ ಮಾತಿಗೆ ಲೆಕ್ಕವಿಲ್ಲ. ಈಗ ಗುರುವಾರ ಬೆಳಿಗ್ಗೆ ಅವನ ತಾಯಿ ಹೆಲ್ಮೆಟ್ ಹಾಕಿಕೊಂಡು, ಸೆರಗು ಸಿಕ್ಕಿಸಿಕೊಂಡು, ಮಗನ ಹಿಂದೆ ಕೂತು ಮಾರ್ಕೆಟ್ ಯಾರ್ಡಿಗೆ ತರಕಾರಿಗೆ ಹೋಗುತ್ತಾಳೆ. ಗಾಡಿ ತಿರುವು ದಾಟುವವರೆಗೆ ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತೇನೆ.