ಅರ್ಜಿಗೂ ಮೊದಲು ಪ್ರಮಾಣಪತ್ರ

ಸರ್ಕಾರಿ ಕೆಲಸಕ್ಕೆ ತಯಾರಿ ಅಂದರೆ ಬರೀ ಓದು ಅಂದುಕೊಂಡವರೇ ಹೆಚ್ಚು. ಆದರೆ ಚೆನ್ನಾಗಿ ಓದಿದವರೂ ಕಾಗದಪತ್ರದಲ್ಲಿ ಎಡವುತ್ತಾರೆ.

ಕರ್ನಾಟಕದ ನೇರ ನೇಮಕಾತಿಯಲ್ಲಿ, ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 25 ಮೀಸಲಾತಿ ಇದೆ. ಹಳ್ಳಿ ಶಾಲೆಯಲ್ಲಿ ಕಲಿತ ಹುಡುಗಿಗೆ ಇದು ದೊಡ್ಡ ಬಲ. ಆದರೆ ಬಾಯಿಮಾತು ನಡೆಯದು. ಗ್ರಾಮೀಣ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ ಬೇಕು, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿಯೂ ಬೇಕು. ಪ್ರಾಥಮಿಕ ಒಂದೂರಲ್ಲಿ, ಹೈಸ್ಕೂಲು ಇನ್ನೊಂದೂರಲ್ಲಿ ಓದಿದ್ದರೆ ಎರಡೂ ಶಾಲೆಗೆ ಓಡಾಟ ತಪ್ಪದು.

ಜಾತಿ, ಆದಾಯ ಪತ್ರಕ್ಕೆ ನಾಡಕಚೇರಿ. ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಅರ್ಹತಾ ಪತ್ರ ಕೊಡುವವರು ಉಪವಿಭಾಗಾಧಿಕಾರಿ.

ಇನ್ನೊಂದು ಮಾತು: ಮೀಸಲಾತಿ ಪತ್ರಗಳು ಅರ್ಜಿಯ ಕೊನೆಯ ದಿನದೊಳಗೆ, ಅಧಿಸೂಚನೆ ಹೇಳಿದ ನಮೂನೆಯಲ್ಲೇ ಕೈಯಲ್ಲಿರಬೇಕು.

ಅಧಿಸೂಚನೆ ಬಂದ ಮೇಲೆ ಕಚೇರಿಗಳಲ್ಲಿ ನೂಕುನುಗ್ಗಲು. ಹಾಗಾಗಿ ಓದಿನ ಜೊತೆಗೇ ಶಾಲೆಗೊಮ್ಮೆ ಹೋಗಿ ಬರುವುದು ಒಳ್ಳೆಯದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್, ಜನ್ಮದಿನಾಂಕ ಒಂದೇ ಇವೆಯೇ ಎಂಬುದನ್ನೂ ಈಗಲೇ ತಾಳೆ ನೋಡಿ.