ತತ್ತಿಯೊಳಗೆ ಬೆರಳು ಬಿಡಿಸುವ ಹೊತ್ತು

ನಮ್ಮಜ್ಜಿ ಕೊಟ್ಟೂರು ಕಡೆಯವಳು. ಹ್ಯಾಟೆ ಕಾವಿಗೆ ಕೂತ ಐದಾರನೇ ರಾತ್ರಿ ಬ್ಯಾಟರಿ ಹಚ್ಚಿ ಒಂದೊಂದೇ ತತ್ತಿ ಹಿಡಿದು ನೋಡುವಳು. ಒಳಗೆ ಜೇಡರ ಬಲೆಯಂಥ ಕೆಂಪು ಎಳೆ, ನಡುವೆ ಅಲುಗುವ ಕರಿಚುಕ್ಕೆ. ‘ಜೀವ ಹಿಡದೈತಿ’ ಎಂದು ಮೆತ್ತಗೆ ಬುಟ್ಟಿಗಿಡುವಳು.

ಆ ಚುಕ್ಕೆ ಮರಿಯ ಕಣ್ಣು. ಹೃದಯವಂತೂ ಎರಡನೇ ದಿನವೇ ಮಿಡಿಯಲು ತೊಡಗಿರುತ್ತದೆ. ಮೂರನೇ ದಿನ ಪಿಂಡದ ಮಗ್ಗುಲಲ್ಲಿ ನಾಲ್ಕು ಮೊಗ್ಗು. ನಾಲ್ಕರಲ್ಲೂ ಇರುವ ಜೀನುಗಳು ಅವೇ. ಆದರೆ ಮುಂದಿನ ಜೋಡಿಯಲ್ಲಿ ಟಿಬಿಎಕ್ಸ್-5 ಎಂಬ ಜೀನು ಎಚ್ಚರಾಗುತ್ತದೆ, ಅದು ರೆಕ್ಕೆ. ಹಿಂದಿನ ಜೋಡಿಯಲ್ಲಿ ಟಿಬಿಎಕ್ಸ್-4, ಅದು ಕಾಲು. ಯಾವ ಬೆರಳು ಎಲ್ಲಿ ಎಂಬುದಕ್ಕೆ ಮೊಗ್ಗಿನ ಹಿಂದಂಚಿನಲ್ಲಿ ‘ಸೋನಿಕ್ ಹೆಜ್‌ಹಾಗ್’ ಜೀನು ಕೆಲಸ ಮಾಡಬೇಕು. 1993ರಲ್ಲಿ ಜೀವವಿಜ್ಞಾನಿ ಕ್ಲಿಫ್ ಟ್ಯಾಬಿನ್ ತಂಡ ಈ ಜೀನನ್ನೇ ಕೋಳಿಪಿಂಡದ ರೆಕ್ಕೆಯ ಮುಂದಂಚಿನಲ್ಲೂ ಎಬ್ಬಿಸಿತು. ಕನ್ನಡಿಯಲ್ಲಿ ಕಂಡಂತೆ ಇನ್ನೊಂದು ಸಾಲು ಬೆರಳು ಮೂಡಿದವು!

ನನ್ನನ್ನು ಹೆಚ್ಚು ಕಾಡಿದ್ದು ಪಾದದ ಕಥೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆ ನೂರು ಹೆಕ್ಟೇರನ್ನೂ ಮುಟ್ಟದು. ಆದರೂ 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿತು. ನೀರಲ್ಲಿ ನಿಂತ ಕರಿಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಯೂ ನೀರುಕಾಗೆಯೂ ನೆರೆಹೊರೆ. ಕೊಕ್ಕರೆಯ ಬೆರಳುಗಳು ಉದ್ದುದ್ದ, ಬುಡದಲ್ಲಷ್ಟೇ ತುಸು ಪೊರೆ. ನೀರುಕಾಗೆಗೆ ನಾಲ್ಕೂ ಬೆರಳು ಸೇರಿಸಿ ಒಂದೇ ಪೊರೆ.

ಮೊದಲು ಎಲ್ಲ ಹಕ್ಕಿಗಳ ಪಿಂಡಕ್ಕೂ ಬೆರಳ ನಡುವೆ ಪೊರೆ ಇದ್ದೇ ಇರುತ್ತದೆ. ಕೋಳಿಪಿಂಡದಲ್ಲಿ ಏಳೆಂಟನೇ ದಿನ ಬಿಎಂಪಿ ಎಂಬ ಪ್ರೋಟೀನುಗಳ ಸಂದೇಶ ಬಂದು ಆ ಜಾಗದ ಜೀವಕೋಶಗಳು ತಾವಾಗಿ ಸಾಯುತ್ತವೆ, ಬೆರಳು ಬಿಡಿಯಾಗುತ್ತವೆ. ಬಾತಿನ ಪಿಂಡಕ್ಕೂ ಅದೇ ಸಂದೇಶ ಬರುತ್ತದೆ. ಅಲ್ಲಿ ‘ಗ್ರೆಮ್ಲಿನ್’ ಜೀನು ಎದ್ದು ಅದನ್ನು ತಡೆಯುತ್ತದೆ, ಪೊರೆ ಉಳಿಯುತ್ತದೆ. ಗ್ರೆಮ್ಲಿನ್ ಪ್ರೋಟೀನಿನಲ್ಲಿ ನೆನೆಸಿದ ಪುಟ್ಟ ಮಣಿಯನ್ನು ಕೋಳಿಪಿಂಡದ ಬೆರಳ ಸಂದಿಗೆ ಇಟ್ಟರೆ ಅಲ್ಲೂ ಆ ಜೀವಕೋಶಗಳು ಸಾಯದೆ ನಿಲ್ಲುತ್ತವೆ. ಕೋಳಿಗೂ ಈ ಜೀನು ಇಲ್ಲದಿಲ್ಲ, ಆ ಹೊತ್ತಿಗೆ ಆ ಜಾಗದಲ್ಲಿ ಅದು ಏಳುವುದಿಲ್ಲ, ಅಷ್ಟೆ. ಅಷ್ಟರಲ್ಲೇ ಒಂದು ಹಕ್ಕಿ ತಿಪ್ಪೆ ಕೆದರುತ್ತದೆ, ಇನ್ನೊಂದು ಕೆರೆಗೆ ಇಳಿಯುತ್ತದೆ.

ಬಿಸಿಲೇರಿದಾಗ ಕೊಕ್ಕರೆ ರೆಕ್ಕೆ ಹರವಿ ಗೂಡಿಗೆ ನೆರಳಾಗುತ್ತದೆ. ಪಕ್ಕದ ರೆಂಬೆಯ ನೀರುಕಾಗೆಗೆ ಕಾವು ಕೊಡಲು ಕೋಳಿಗಿರುವಂತೆ ಹೊಟ್ಟೆಯಡಿ ಬರಿಚರ್ಮದ ಜಾಗವಿಲ್ಲ. ಅದು ತತ್ತಿಗಳನ್ನು ತನ್ನ ಪಾದದ ಪೊರೆಯ ಮೇಲೇ ಇಟ್ಟುಕೊಂಡು ಕೂರುತ್ತದೆ.